‘ನಮ್ಮಲ್ಲಿ ಓಡ್ತಿದೆಯಲ್ಲ’ ಅಂತಾರೆ, ಎರರ್ ನಿಮ್ಮಲ್ಲಿ ಮಾತ್ರ: ಪ್ರೋಗ್ರಾಮಿಂಗ್ ಡೌಟ್ ಆನ್‌ಲೈನಲ್ಲಿ ಕೇಳೋದು ಹೇಗೆ?

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷ, ಹಾವೇರಿ ಕಡೆಯವಳು, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಪೈಥಾನ್‌ನಲ್ಲಿ ಒಂದು ಫೈಲಿಂದ ಹೆಸರು, ಮಾರ್ಕ್ಸ್ ಓದಿ ಟೋಟಲ್ ಹಾಕೋ ಪ್ರೋಗ್ರಾಂ ಬರ್ದಿದ್ದೆ. ರವಿ, ಗೀತಾ, ಕಮಲ ಅಂತ ಮೂರು ಹೆಸರಿದ್ದಾಗ ಸರಿಯಾಗಿ ಓಡ್ತು, ಸುಮಾ ಅಂತ ನಾಲ್ಕನೇದು ಸೇರಿಸಿದ ತಕ್ಷಣ ಎರರ್. ಒಂದು ದೊಡ್ಡ ಪ್ರಶ್ನೋತ್ತರ ಸೈಟ್‌ನಲ್ಲಿ ‘ಕೋಡ್ ವರ್ಕ್ ಆಗ್ತಿಲ್ಲ, ಅರ್ಜೆಂಟ್, ಪ್ಲೀಸ್ ಹೆಲ್ಪ್ ಸರ್’ ಅಂತ ಸ್ಕ್ರೀನ್ ಫೋಟೋ ಹಾಕಿ ಕೇಳಿದೆ. ಮೈನಸ್ ಓಟು ಬಿತ್ತು, ಒಬ್ಬರು ‘ನಂಗೆ ಸರಿಯಾಗೇ ಓಡ್ತಿದೆ’ ಅಂದ್ರು, ಸಂಜೆಯೊಳಗೆ ಪ್ರಶ್ನೆನೇ ಕ್ಲೋಸ್ ಮಾಡಿದ್ರು. ನನ್ನ ಇಂಗ್ಲಿಷ್ ವೀಕು ಅಂತ ಹೀಗಾಯ್ತಾ? ಸೀನಿಯರ್ಸ್ ಎಲ್ಲಾ ಎಐ ಕೇಳು ಸಾಕು ಅಂತಾರೆ. ಇನ್ಮುಂದೆ ಅಲ್ಲಿ ಕೇಳ್ಬೇಕಾ ಬೇಡ್ವಾ? ಇನ್ನೊಂದು, ಹೆಸರುಗಳನ್ನ ಕಾಲಂ ಮಾಡಿ ಜೋಡಿಸೋಕೆ ಪೈಥಾನ್‌ನಲ್ಲಿ ಉದ್ದ ಎಣಿಸೋ ಲೆನ್ ಬಳಸಿದ್ರೆ ಲಕ್ಷ್ಮಿಗೆ 7 ಬರುತ್ತೆ, ಯಾಕೆ?

ಉತ್ತರ: ಕೇಳಿ, ಖಂಡಿತ ಕೇಳಿ. ನಿಮ್ಮ ಇಂಗ್ಲಿಷ್‌ಗೂ ಇದಕ್ಕೂ ಸಂಬಂಧ ಇಲ್ಲ. ನೀವು ಕಳಿಸಿದ ಪೋಸ್ಟ್ ಪೂರ್ತಿ ಓದಿದೆ, ಅದರಲ್ಲಿರೋ ಇಂಗ್ಲಿಷ್ ಯಾರಿಗಾದ್ರೂ ಅರ್ಥ ಆಗುತ್ತೆ. ಪ್ರಾಬ್ಲಂ ಬೇರೆ ಕಡೆ ಇದೆ. ಫೋಟೋ ಕೆಳಗೆ ಕೋಡ್ ಟೈಪ್ ಮಾಡಿ ಹಾಕೋವಾಗ ‘ಅವರಿಗೆ ಕನ್ನಡ ಓದಕ್ಕೆ ಬರಲ್ಲ’ ಅಂತ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿಬಿಟ್ಟಿದ್ದೀರಿ. ಒಳ್ಳೆ ಮನಸ್ಸಿಂದಾನೇ ಮಾಡಿದ್ದು, ಆದ್ರೆ ನಿಮ್ಮ ಎರರ್ ಕೂತಿದ್ದು ಅದೇ ಕನ್ನಡ ಅಕ್ಷರದಲ್ಲಿ. ಅದನ್ನ ತೆಗೆದ್ರೆ ಎರರೂ ಹೋಯ್ತು, ಓಡಿಸಿ ನೋಡಿದವರು ‘ನಂಗೆ ಓಡ್ತಿದೆ’ ಅಂದಿದ್ದು ನಿಜಾನೇ. ಮನೇಲಿ ಕಟಕಟ ಅಂತಿದ್ದ ಬೈಕು ಗ್ಯಾರೇಜಿಗೆ ತಂದ ತಕ್ಷಣ ಸುಮ್ನಾಗುತ್ತಲ್ಲ, ಮೆಕ್ಯಾನಿಕ್ ಪಾಪ ಏನು ಮಾಡ್ತಾನೆ?

ಹಾಗಾಗಿ ನಾನು ಹೇಳ್ಬೇಕು ಅಂತಿರೋದು ಮುಖ್ಯವಾಗಿ ಒಂದೇ. ನೀವು ಹಾಕೋ ಕೋಡು ಓದೋರ ಕಣ್ಣ ಮುಂದೆ, ಅವರ ಮಷೀನ್‌ನಲ್ಲಿ, ಅದೇ ಎರರ್ ಕೊಡ್ಬೇಕು. ಮಿಕ್ಕಿದ್ದೆಲ್ಲ, ಅಂದ್ರೆ ಟೈಟಲ್ಲು, ಗ್ರಾಮರ್ರು, ಟ್ಯಾಗು, ಎಲ್ಲಾ ಆಮೇಲೆ.

ನಿಮ್ಮ ಎರರನ್ನೇ ತಗೊಳ್ಳೋಣ, ಯಾಕಂದ್ರೆ ಇದು ವಿಂಡೋಸ್‌ನಲ್ಲಿ ಕನ್ನಡದ ಫೈಲ್ ಇಟ್ಕೊಂಡು ಪ್ರೋಗ್ರಾಂ ಬರೆಯೋ ಎಷ್ಟೋ ಜನಕ್ಕೆ ಒಂದಲ್ಲ ಒಂದು ದಿನ ಸಿಗುತ್ತೆ. ಫೋಟೋದಲ್ಲಿ ಕೊನೇ ಸಾಲು ಹೀಗಿದೆ: ಯೂನಿಕೋಡ್ ಡೀಕೋಡ್ ಎರರ್, ಚಾರ್‌ಮ್ಯಾಪ್ ಕೋಡೆಕ್‌ಗೆ 0ಎಕ್ಸ್81 ಅನ್ನೋ ಬೈಟನ್ನ ಡೀಕೋಡ್ ಮಾಡಕ್ಕಾಗ್ತಿಲ್ಲ, ಪೊಸಿಷನ್ 50. ಅಂದ್ರೆ ಫೈಲಲ್ಲಿ ನಂಬರಾಗಿ ಕೂತಿರೋ ಒಂದು ಬೈಟನ್ನ ಅಕ್ಷರಕ್ಕೆ ತಿರುಗಿಸೋಕೆ ಆಗ್ತಿಲ್ಲ ಅಂತ. ಪೈಥಾನ್ ಎರರ್ ಬಂದಾಗ ಕೆಂಪಗೆ ಇಷ್ಟುದ್ದ ಬರುತ್ತಲ್ಲ, ಅದನ್ನ ಕೆಳಗಿಂದ ಮೇಲಕ್ಕೆ ಓದ್ಬೇಕು, ಏನಾಯ್ತು ಅನ್ನೋದು ಕೊನೇ ಸಾಲಲ್ಲಿ, ಎಲ್ಲಾಯ್ತು ಅನ್ನೋದು ಅದರ ಮೇಲಿನ ಸಾಲುಗಳಲ್ಲಿ. ನಿಮ್ಮದರಲ್ಲಿ ಕೊನೇ ಸಾಲಿನ ಸ್ವಲ್ಪ ಮೇಲೇ ಸಿಪಿ1252 ಅನ್ನೋ ಫೈಲ್ ಹೆಸರು ಕಾಣ್ಸುತ್ತೆ. ಅದು ನೀವು ಬರೆದ ಫೈಲಲ್ಲ, ಪೈಥಾನ್‌ನದ್ದು, ಅದಕ್ಕೇ ನೀವು ಅದನ್ನ ನೋಡದೆ ಬಿಟ್ಟಿದ್ದೀರಿ ಅನ್ಸುತ್ತೆ. ಆದ್ರೆ ಇಡೀ ಉತ್ತರ ಅಲ್ಲೇ ಇದೆ.

ಸಿಪಿ1252 ಅಂದ್ರೆ ಪಶ್ಚಿಮ ಯುರೋಪಿನ ಭಾಷೆಗಳಿಗೆ ಅಂತ ವಿಂಡೋಸ್ ಇಟ್ಕೊಂಡಿರೋ ಹಳೇ ಅಕ್ಷರಪಟ್ಟಿ, ಒಂದು ಅಕ್ಷರಕ್ಕೆ ಒಂದು ಬೈಟು, ಒಟ್ಟು 256 ಜಾಗ. ಅದರಲ್ಲಿ ಐದು ಜಾಗ ಖಾಲಿ: 81, 8ಡಿ, 8ಎಫ್, 90, 9ಡಿ (ಹದಿನಾರರ ಎಣಿಕೆಯಲ್ಲಿ ಬರೆದ ನಂಬರುಗಳು, 0ಎಕ್ಸ್ ಅನ್ನೋದು ಅದರ ಗುರುತು). ಈ ಕಡೆ ನಿಮ್ಮ ಫೈಲ್ ನೋಟ್‌ಪ್ಯಾಡ್‌ನಲ್ಲಿ ಮಾಡಿದ್ದು, 2019ರ ವಿಂಡೋಸ್ 10 ಅಪ್‌ಡೇಟ್ ಆದ್ಮೇಲೆ ನೋಟ್‌ಪ್ಯಾಡ್ ತಾನಾಗೇ ಎಲ್ಲಾ ಭಾಷೆಯ ಅಕ್ಷರಕ್ಕೂ ಜಾಗ ಇರೋ ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಸೇವ್ ಮಾಡುತ್ತೆ, ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಫೈಲ್ ಓಪನ್ ಮಾಡೋವಾಗ ಎನ್ಕೋಡಿಂಗ್, ಅಂದ್ರೆ ಬೈಟನ್ನ ಅಕ್ಷರ ಮಾಡೋ ಪದ್ಧತಿ, ಯಾವ್ದು ಅಂತ ನೀವು ಹೇಳಲಿಲ್ಲ, ಹೇಳದೆ ಇದ್ರೆ ಪೈಥಾನ್ ಸಿಸ್ಟಂ ಏನನ್ನುತ್ತೋ ಅದನ್ನೇ ತಗೊಳ್ಳುತ್ತೆ, ನಮ್ಮ ಕಡೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದು ಸಿಪಿ1252. ಅಂದ್ರೆ ಯುಟಿಎಫ್-8ನಲ್ಲಿ ಬರೆದಿದ್ದನ್ನ ಸಿಪಿ1252 ಅನ್ಕೊಂಡು ಓದ್ತಿದೆ.

ಈಗ ‘ಮೂರು ಹೆಸರಿಗೆ ಯಾಕೆ ಓಡ್ತು’ ಅನ್ನೋದಕ್ಕೆ ಬನ್ನಿ. ರ, ವ, ಇಕಾರ, ಗ, ಈಕಾರ, ತ, ದೀರ್ಘ, ಕ, ಮ, ಲ ಇವುಗಳ ಯಾವ ಬೈಟೂ ಆ ಐದು ಖಾಲಿ ಜಾಗಕ್ಕೆ ಬೀಳಲ್ಲ. ಓದಿದ್ದು ತಪ್ಪೇ, ಹೆಸರು ಪ್ರಿಂಟ್ ಮಾಡಿದ್ದಿದ್ರೆ ತಲೆಬುಡ ಇಲ್ಲದ ಯುರೋಪಿಯನ್ ಅಕ್ಷರ ಕಾಣಿಸ್ತಿತ್ತು, ನಿಮ್ಮ ಪ್ರೋಗ್ರಾಂ ಮಾರ್ಕ್ಸ್ ಮಾತ್ರ ಕೂಡ್ತಿದ್ದರಿಂದ ಗೊತ್ತಾಗಲಿಲ್ಲ. ಸುಮಾ ಬಂದ್ಮೇಲೆ ‘ಸು’ನಲ್ಲಿರೋ ಕೊಂಬು ಬಂತು. ಕೊಂಬಿನ ಮೂರನೇ ಬೈಟು ಸರಿಯಾಗಿ 81. ಖಾಲಿ ಜಾಗ, ಎರರ್.

ಪೊಸಿಷನ್ 50 ಅಂದಿದ್ದೂ ಸುಮ್ಮನೆ ಅಲ್ಲ, ಎಣಿಸಿ ನೋಡಿ. ರವಿ 9 ಬೈಟು, ಕಾಮಾ 1, ಮಾರ್ಕ್ಸ್ ಎರಡಂಕಿ 2, ವಿಂಡೋಸ್‌ನಲ್ಲಿ ಸಾಲು ಮುಗಿದಿದ್ದಕ್ಕೆ 2, ಒಟ್ಟು 14. ಗೀತಾ ಸಾಲು 17. ಕಮಲ 14. ಅಲ್ಲಿಗೆ 45 ಆಯ್ತು. ಎಣಿಕೆ ಸೊನ್ನೆಯಿಂದ ಶುರು ಆಗೋದ್ರಿಂದ ಸುಮಾಳ ಮೊದಲ ಬೈಟೇ 45ನೇದು, ಸ ಅನ್ನೋದು 45, 46, 47, ಕೊಂಬು 48, 49, 50. ಮಷೀನು ಬೆರಳಿಟ್ಟು ತೋರಿಸ್ತಿತ್ತು. ಇನ್ನೊಂದು ವಿಷ್ಯ, ಫೈಲ್ ಚಿಕ್ಕದಿದ್ರೆ ಪೈಥಾನ್ ಒಂದೇ ಸಲಕ್ಕೆ ಪೂರ್ತಿ ಎತ್ತಿಕೊಂಡು ಡೀಕೋಡ್ ಮಾಡುತ್ತೆ, ಅದಕ್ಕೇ ರವಿ ಹತ್ರಾನೂ ಹೋಗದೆ ಲೂಪಿನ ಸಾಲಲ್ಲೇ ನಿಂತು ಹೋಯ್ತು, ನಿಮಗೆ ‘ಲೂಪ್ ತಪ್ಪಿದೆ’ ಅನ್ನಿಸಿದ್ದು ಇದಕ್ಕೇ. ಒತ್ತಕ್ಷರ ಇರೋ ಹೆಸರಾಗಿದ್ರೆ, ಲಕ್ಷ್ಮಿ ಅನ್ಕೊಳ್ಳಿ, 81ರ ಬದಲು 8ಡಿ ಅಂತ ಬರ್ತಿತ್ತು, ಅದು ‘ಕ್’ನಲ್ಲಿರೋ ಹಾಗೆ ಸ್ವರ ತೆಗೆದು ಒತ್ತಕ್ಷರ ಮಾಡೋ ವಿರಾಮ ಚಿಹ್ನೆಯ ಬೈಟು. ಏ, ಐ, ಝ ಇವೂ ಅಷ್ಟೇ, ಮಿಕ್ಕ ಮೂರು ಖಾಲಿ ಜಾಗ ಇವುಗಳದ್ದೇ.

ಪರಿಹಾರ ಒಂದು ಪದದ್ದು: ಓಪನ್ ಮಾಡೋವಾಗ ಎನ್ಕೋಡಿಂಗ್ ಯುಟಿಎಫ್-8 ಅಂತ ಬರೀರಿ, ಓದೋವಾಗಲೂ ಬರೆಯೋವಾಗಲೂ. ಎಕ್ಸೆಲ್‌ನಿಂದ ಸಿಎಸ್‌ವಿ, ಅಂದ್ರೆ ಕಾಮಾ ಹಾಕಿ ಬೇರ್ಪಡಿಸಿದ ಪಠ್ಯದ ಫೈಲು, ತೆಗೆಯೋದಾದ್ರೆ ಸೇವ್ ಆ್ಯಸ್ ಪಟ್ಟಿಯಲ್ಲಿ ಸಿಎಸ್‌ವಿ ಯುಟಿಎಫ್-8 ಅಂತಾನೇ ಒಂದು ಇರುತ್ತೆ ಅದನ್ನೇ ಆರಿಸಿ, ಬರೀ ಸಿಎಸ್‌ವಿ ಅಂತ ಇರೋದನ್ನ ಆರಿಸಿದ್ರೆ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿ ಸೇವ್ ಆಗುತ್ತೆ, ಆಮೇಲೆ ಆ ಫೈಲಿಂದ ವಾಪಸ್ ತರೋಕೆ ಆಗಲ್ಲ. ಎಕ್ಸೆಲ್‌ನ ಆ ಫೈಲ್ ಓದೋವಾಗ ಯುಟಿಎಫ್-8-ಸಿಗ್ ಅಂತ ಕೊಡಿ, ಇಲ್ಲದಿದ್ರೆ ಮೊದಲ ಕಾಲಂ ಹೆಸರಿನ ಶುರುವಿಗೇ ಕಣ್ಣಿಗೆ ಕಾಣದ ಒಂದು ಗುರುತು ಅಂಟ್ಕೊಂಡು ಬರುತ್ತೆ.

ಸರಿ, ಈಗ ಇದನ್ನ ಹೇಗೆ ಕೇಳ್ಬೇಕಿತ್ತು. ಇಡೀ ಪ್ರೋಗ್ರಾಂ ಹಾಕ್ಬೇಡಿ. ಕಾಪಿ ಮಾಡಿಟ್ಕೊಂಡು ಒಂದೊಂದೇ ತೆಗೀತಾ ಬನ್ನಿ, ಟೋಟಲ್ ಹಾಕೋ ಭಾಗ ತೆಗೆದ್ರಿ, ಎರರ್ ಇದೆಯಾ? ಇದೆ. ಮಾರ್ಕ್ಸ್ ತೆಗೆದ್ರಿ, ಇದೆಯಾ? ಇದೆ. ರವಿ, ಗೀತಾ, ಕಮಲ ತೆಗೆದ್ರಿ, ಇನ್ನೂ ಇದೆ. ಸುಮಾ ತೆಗೆದ್ರಿ, ಹೋಯ್ತು. ವಾಪಸ್ ಹಾಕಿ, ‘ಮಾ’ ತೆಗೀರಿ, ಇದೆ. ಕೊನೆಗೆ ಉಳಿಯೋದು ಎರಡೇ ಸಾಲು: ಒಂದು, ‘ಸು’ ಅನ್ನೋ ಅಕ್ಷರವನ್ನ ಯುಟಿಎಫ್-8ನಲ್ಲಿ ಒಂದು ಫೈಲಿಗೆ ಬರೆಯೋದು, ಇನ್ನೊಂದು, ಅದೇ ಫೈಲನ್ನ ಎನ್ಕೋಡಿಂಗ್ ಹೇಳದೆ ಓದೋದು. ಫೈಲನ್ನ ಕೋಡೇ ಸೃಷ್ಟಿ ಮಾಡೋದ್ರಿಂದ ನಿಮ್ಮ ಫೈಲನ್ನ ಯಾರಿಗೂ ಕಳಿಸಬೇಕಾಗಿಲ್ಲ, ಕ್ಲಾಸಿನವರ ಹೆಸರು, ಮಾರ್ಕ್ಸು, ಫೋನ್ ನಂಬರು ಯಾವ್ದೂ ಹೊರಗೆ ಹೋಗಲ್ಲ. ಇದಕ್ಕೆ ಆ ಸೈಟ್‌ಗಳಲ್ಲಿ ಮಿನಿಮಲ್ ರೀಪ್ರೊಡ್ಯೂಸಿಬಲ್ ಎಕ್ಸಾಂಪಲ್ ಅಂತಾರೆ, ಎಲ್ಲರೂ ಕೇಳೋದು ಇದನ್ನೇ.

ಹೀಗೆ ಕತ್ತರಿಸ್ತಾ ಹೋದ್ರೆ ಎಷ್ಟೋ ಸಲ ಪೋಸ್ಟ್ ಮಾಡೋ ಅಗತ್ಯಾನೇ ಬರಲ್ಲ, ‘ಸು’ ಇದ್ರೆ ಎರರ್, ‘ಸ’ ಇದ್ರೆ ಇಲ್ಲ ಅಂತ ಗೊತ್ತಾದ ಮೇಲೆ ನೀವೇ ಅರ್ಧ ದಾರಿ ನಡೆದಿರ್ತೀರಿ. ನಾನು ಕಲಿಯೋರಿಗೆ ಬೇರೆ ಏನೂ ಹೇಳದಿದ್ರೂ ಇದೊಂದನ್ನ ಹೇಳ್ತೀನಿ, ಯಾಕಂದ್ರೆ ಡೀಬಗ್ ಮಾಡೋದು ಅಂದ್ರೆ ಹೆಚ್ಚುಕಡಿಮೆ ಇದೇ ಕೆಲಸ, ಹತ್ತು ವರ್ಷ ಸರ್ವೀಸ್ ಆದವರೂ ಮಾಡೋದು ಇದನ್ನೇ. ಕತ್ತರಿಸಿದ್ದನ್ನ ಪೋಸ್ಟ್ ಮಾಡೋ ಮುಂಚೆ ಹೊಸ ಫೈಲಲ್ಲಿ ಅಂಟಿಸಿ ಇನ್ನೊಂದು ಸಲ ಓಡಿಸಿ, ಅದೇ ಎರರ್ ಬಂತಾ ನೋಡಿ. ನಿಮ್ಮ ಪೋಸ್ಟಲ್ಲಿ ಮುಖ್ಯವಾಗಿ ತಪ್ಪಿಹೋಗಿದ್ದು ಈ ಹೆಜ್ಜೆ.

ಮಷೀನ್ ಬಗ್ಗೆ ಒಂದು ಸಾಲು ಬೇಕೇ ಬೇಕು: ವಿಂಡೋಸಾ, ಲಿನಕ್ಸಾ, ಮ್ಯಾಕಾ, ಪೈಥಾನ್ ವರ್ಷನ್ ಎಷ್ಟು. ಲಿನಕ್ಸ್, ಮ್ಯಾಕ್ ಇಟ್ಕೊಂಡಿರೋರಿಗೆ ಸಾಮಾನ್ಯವಾಗಿ ಯುಟಿಎಫ್-8ಏ ಡೀಫಾಲ್ಟು, ನಿಮ್ಮ ಆ ಎರಡು ಸಾಲು ಅವರಲ್ಲಿ ಚೆನ್ನಾಗೇ ಓಡುತ್ತೆ, ವಿಂಡೋಸ್ ಅಂತ ನೀವು ಹೇಳಿದ್ರೆ ತಾನೇ ಅವರಿಗೆ ‘ಓ ಹೌದಾ’ ಅಂತ ಹೊಳೆಯೋದು. ವರ್ಷನ್ನೂ ಅಷ್ಟೇ, ಪೈಥಾನ್ 3.15ರಿಂದ ಯುಟಿಎಫ್-8ನ್ನೇ ಎಲ್ಲಾ ಕಡೆ ಡೀಫಾಲ್ಟ್ ಮಾಡೋದು ಅಂತ ಪೈಥಾನ್ ತಂಡ ತೀರ್ಮಾನ ಮಾಡಿದೆ, ಆಗ ಇದೇ ಕೋಡು ಒಬ್ಬರಲ್ಲಿ ಓಡುತ್ತೆ, ಹಳೇ ವರ್ಷನ್ ಇರೋರಲ್ಲಿ ಓಡಲ್ಲ.

ಫೋಟೋ ಬೇಡ ಅನ್ನೋದೂ ಅಹಂಕಾರದ ಮಾತಲ್ಲ. ಫೋಟೋದಿಂದ ಕೋಡ್ ಕಾಪಿ ಮಾಡಿ ಓಡಿಸೋಕಾಗಲ್ಲ, ಸ್ಕ್ರೀನ್ ರೀಡರ್ ಬಳಸೋ ಅಂಧ ಪ್ರೋಗ್ರಾಮರ್‌ಗಳಿಗೆ ಅದರಲ್ಲಿ ಏನೂ ಕೇಳಿಸಲ್ಲ, ನಾಳೆ ಗದಗದಲ್ಲೋ ಬೀದರ್‌ನಲ್ಲೋ ಇದೇ ಎರರ್ ಬಂದ ಇನ್ನೊಬ್ಬ ಹುಡುಗ ಗೂಗಲ್‌ನಲ್ಲಿ ಹುಡುಕಿದ್ರೆ ಫೋಟೋದೊಳಗಿನ ಅಕ್ಷರ ಅವನಿಗೆ ಸಿಗೋದೂ ಕಷ್ಟ. ಎರರನ್ನ ಮೊದಲಿಂದ ಕೊನೇವರೆಗೂ ಪಠ್ಯವಾಗಿ ಅಂಟಿಸಿ, ನಿಮಗೆ ಮುಖ್ಯ ಅನ್ನಿಸಿದ ಸಾಲು ಮಾತ್ರ ಅಲ್ಲ. ವಾಟ್ಸಾಪ್, ಟೆಲಿಗ್ರಾಂ ಗ್ರೂಪಲ್ಲಿ ಕೇಳೋದಾದ್ರೆ ಕೋಡಿನ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ ಹಾಕಿ, ಕೀಬೋರ್ಡಲ್ಲಿ 1ರ ಎಡಪಕ್ಕ ಇರೋ ಕೀ ಅದು. ಕೋಡನ್ನ ಎಂಎಸ್ ವರ್ಡಲ್ಲಿ ಇಟ್ಕೊಂಡು ಅಲ್ಲಿಂದ ಅಂಟಿಸೋ ಅಭ್ಯಾಸ ನಮ್ಮ ಕಾಲೇಜ್‌ಗಳಲ್ಲಿ ಬಹಳ, ವರ್ಡು ನೇರ ಉದ್ಧರಣ ಚಿಹ್ನೆಯನ್ನ ಬಾಗಿಸಿಬಿಡುತ್ತೆ, ಆಗ ಹೊಸದೊಂದು ಸಿಂಟ್ಯಾಕ್ಸ್ ಎರರ್ ಹುಟ್ಕೊಳ್ಳುತ್ತೆ.

ಭಾಷೆ ಬಗ್ಗೆ. ಮೊದ್ಲು ಕನ್ನಡದಲ್ಲಿ ಬರೀರಿ: ನಂಗೆ ಏನ್ ಬೇಕಿತ್ತು, ಏನ್ ಮಾಡಿದೆ, ಏನ್ ಬಂತು, ಯಾವ ಮಷೀನು. ನಾಲ್ಕೇ ವಾಕ್ಯ. ಅದನ್ನ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ, ಅನುವಾದದ ಟೂಲ್ ಸಹಾಯ ತಗೊಂಡ್ರೂ ತಪ್ಪಿಲ್ಲ. ಉತ್ತರ ಕೊಡೋರಲ್ಲಿ ಬ್ರೆಜಿಲ್, ಪೋಲೆಂಡ್, ಜಪಾನ್‌ನವರೂ ಇರ್ತಾರೆ, ಅವರೂ ಮನೇಲಿ ಇಂಗ್ಲಿಷ್ ಮಾತಾಡಲ್ಲ, ಕೋಡೂ ಎರರೂ ಸರಿ ಇದ್ರೆ ಗ್ರಾಮರ್ ಯಾರೂ ನೋಡಲ್ಲ. ಟೈಟಲಲ್ಲಿ ‘ಹೆಲ್ಪ್’, ‘ಅರ್ಜೆಂಟ್’ ಬೇಡ, ಅವರಿಗೆ ಅದರಿಂದ ಏನೂ ತಿಳಿಯಲ್ಲ, ‘ವಿಂಡೋಸ್‌ನಲ್ಲಿ ಕನ್ನಡ ಇರೋ ಫೈಲ್ ಓದಿದ್ರೆ ಯೂನಿಕೋಡ್ ಡೀಕೋಡ್ ಎರರ್’ ಅನ್ನೋ ಅರ್ಥ ಬರೋ ಹಾಗಿರಲಿ. ಇನ್ನು ಗೌರವದ ವಿಷ್ಯ. ನಾವು ಬೆಳೆದಿರೋ ರೀತಿಗೆ ‘ರೆಸ್ಪೆಕ್ಟೆಡ್ ಸರ್’ ಅನ್ನದೆ ಕೇಳೋದು ಒರಟುತನ ಅನ್ಸುತ್ತೆ. ಅಲ್ಲಿ ಪದ್ಧತಿ ಬೇರೆ, ಸ್ಟ್ಯಾಕ್ ಓವರ್‌ಫ್ಲೋ ಅನ್ನೋ ಪ್ರೋಗ್ರಾಮಿಂಗ್ ಪ್ರಶ್ನೋತ್ತರ ಸೈಟ್‌ನಲ್ಲಿ ನಮಸ್ಕಾರ, ಧನ್ಯವಾದ ಬರೆದ್ರೂ ಯಾರಾದ್ರೂ ಎಡಿಟ್ ಮಾಡಿ ತೆಗೀತಾರೆ, ಓದೋರು ನೇರ ವಿಷಯಕ್ಕೆ ಬರಲಿ ಅಂತ. ಅದು ನಿಮಗೆ ಮಾಡಿದ ಅವಮಾನ ಅಲ್ಲ. ಮತ್ತೆ ಆ ‘ಸರ್’ ಎಷ್ಟೋ ಸಲ ಮೇಡಂ ಆಗಿರ್ತಾರೆ, ಅದಕ್ಕೂ ಬೇಡ.

ಮೈನಸ್ ಓಟು, ಕ್ಲೋಸ್ ಮಾಡೋದು ನೋವಾಗುತ್ತೆ, ಗೊತ್ತು. ಉದಾಹರಣೆಗೆ ಸ್ಟ್ಯಾಕ್ ಓವರ್‌ಫ್ಲೋನನ್ನೇ ತಗೊಳ್ಳಿ. 2008ರಲ್ಲಿ ಜೆಫ್ ಆಟ್‌ವುಡ್, ಜೋಯಲ್ ಸ್ಪೋಲ್ಸ್ಕಿ ಅದನ್ನ ಶುರು ಮಾಡಿದಾಗಿಂದ ಅದರ ಉದ್ದೇಶ ಕಲಿಯೋರಿಗೆ ಟ್ಯೂಷನ್ ಕೊಡೋದಲ್ಲ, ಒಂದು ಪ್ರಶ್ನೆಗೆ ಒಂದು ಒಳ್ಳೆ ಉತ್ತರ ಸಂಗ್ರಹ ಮಾಡಿಡೋದು, ಮುಂದೆ ಸಾವಿರಾರು ಜನ ಹುಡುಕಿಕೊಂಡು ಬಂದಾಗ ಸಿಗೋ ಹಾಗೆ. ಇದು ಗೊತ್ತಿಲ್ಲದೆ ಹೋಗಿ ಎಷ್ಟೋ ಮಕ್ಕಳು ಮನಸ್ಸು ಮುರ್ಕೊಂಡು ಬರ್ತಾರೆ, ಮೊದಲ ದಿನಾನೇ ಯಾರಾದ್ರೂ ಕೂರಿಸಿ ಹೇಳ್ಬೇಕಾದ ವಿಷಯ ಇದು. ಅಲ್ಲಿ ಒಂದು ಮೈನಸ್‌ಗೆ ಹೋಗೋದು 2 ಪಾಯಿಂಟು, ಒಂದು ಪ್ಲಸ್‌ಗೆ ಬರೋದು 10, ನಿಮ್ಮ ಪಾಯಿಂಟು 1ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ. ಕ್ಲೋಸ್ ಆದ ಪ್ರಶ್ನೆಯನ್ನ ಎಡಿಟ್ ಮಾಡಿ ಸರಿಮಾಡಿದ್ರೆ ಮತ್ತೆ ತೆರೆಯೋ ಪರಿಶೀಲನೆಗೆ ಹೋಗುತ್ತೆ. ಡಿಲೀಟ್ ಮಾಡಿ ಅದನ್ನೇ ಹೊಸದಾಗಿ ಹಾಕ್ಬೇಡಿ, ಹಾಗೆ ಮಾಡ್ತಾ ಇದ್ರೆ ಹೊಸ ಪ್ರಶ್ನೆ ಕೇಳೋ ಅವಕಾಶಾನೇ ನಿಂತು ಹೋಗಬಹುದು. ‘ಡುಪ್ಲಿಕೇಟ್’ ಅಂತ ಕ್ಲೋಸ್ ಮಾಡಿದ್ರೆ ಬೇಜಾರಾಗೋ ಬದಲು ಅಲ್ಲಿರೋ ಲಿಂಕ್ ಒತ್ತಿ, ನಿಮ್ಮ ಉತ್ತರ ಅಲ್ಲಿದೆ ಅಂತ ಅವರು ಹೇಳ್ತಿರೋದು. ಓದಿದ ಮೇಲೂ ಅದು ನಿಮ್ಮದಕ್ಕೆ ಹೊಂದಲ್ಲ ಅಂದ್ರೆ ಯಾಕೆ ಹೊಂದಲ್ಲ ಅಂತ ಪ್ರಶ್ನೆಯಲ್ಲೇ ಸೇರಿಸಿ.

ಹಾಗಂತ ಎಲ್ಲಾ ತಪ್ಪೂ ಕೇಳೋರದ್ದೇ ಅಲ್ಲ. ಹೊಸಬರು ಅಂತ ಗೊತ್ತಿದ್ದೂ ಒಂದು ಮಾತು ಹೇಳದೆ ಮೈನಸ್ ಒತ್ತಿ ಹೋಗೋದು, ‘ಡಾಕ್ಯುಮೆಂಟೇಷನ್ ಓದು’ ಅಂತ ಅಷ್ಟೇ ಬರೆದು ಯಾವ ಪುಟ ಅಂತ ಹೇಳದೆ ಇರೋದು ನನಗೆ ಒಪ್ಪಿಗೆ ಇಲ್ಲ. ಅಂಥ ಕಾಮೆಂಟಿಗೆ ವಾದಕ್ಕೆ ನಿಲ್ಬೇಡಿ, ಅದರಲ್ಲಿ ಕೆಲಸಕ್ಕೆ ಬರೋ ಒಂದು ಪದ ಇದ್ರೆ ತಗೊಂಡು ಮುಂದೆ ಹೋಗಿ. ಶುರುವಿನಲ್ಲಿ ಪೈಥಾನ್‌ನವರದ್ದೇ ಚರ್ಚಾ ತಾಣದಲ್ಲಿರೋ ಹೆಲ್ಪ್ ವಿಭಾಗ, ರೆಡ್ಡಿಟ್‌ನ ಲರ್ನ್‌ಪೈಥಾನ್, ಇಂಥ ಕಡೆ ಕೇಳಿ, ಅಲ್ಲಿ ಕಲಿಯೋರಿಗೆ ಅಂತಾನೇ ಜಾಗ ಇದೆ, ಹಿಂದಕ್ಕೂ ಮುಂದಕ್ಕೂ ಮಾತಾಡಬಹುದು.

ಎಐ ಕೇಳು ಅನ್ನೋ ಸೀನಿಯರ್ಸ್ ಮಾತು ಪೂರ್ತಿ ತಪ್ಪಲ್ಲ. ಎರರ್ ಸಾಲಿನ ಅರ್ಥ ಏನು ಅಂತ ಕನ್ನಡದಲ್ಲೇ ಕೇಳ್ಬಹುದು, ರಾತ್ರಿ ಎರಡು ಗಂಟೆಗೂ ಬೇಜಾರಿಲ್ಲದೆ ಹೇಳುತ್ತೆ. ಆದ್ರೆ ಎಚ್ಚರ ಬೇಕು. ಈ ನಿಮ್ಮ ಎರರಿಗೇ ‘ಎರರ್ಸ್ ಇಗ್ನೋರ್’ ಅಂತ ಹಾಕು ಅನ್ನೋ ಸಲಹೆ ಬರ್ಬಹುದು, ‘ಲ್ಯಾಟಿನ್-1’ ಅನ್ನೋ ಇನ್ನೊಂದು ಹಳೇ ಅಕ್ಷರಪಟ್ಟಿ ಹಾಕು ಅಂತಾನೂ ಬರ್ಬಹುದು, ಮನುಷ್ಯರೂ ಇದನ್ನ ಹೇಳ್ತಾರೆ. ಎರಡರಲ್ಲೂ ಕೆಂಪು ಅಕ್ಷರ ಮಾಯ ಆಗುತ್ತೆ, ಯಾಕಂದ್ರೆ ಮೊದಲನೇದು ಓದಕ್ಕಾಗದ ಬೈಟನ್ನ ಸದ್ದಿಲ್ಲದೆ ಬಿಸಾಕುತ್ತೆ, ಎರಡನೇದರಲ್ಲಿ 256 ಜಾಗವೂ ತುಂಬಿರೋದ್ರಿಂದ ಎರರ್ ಬರೋದೇ ಇಲ್ಲ. ಸುಮಾಳ ಹೆಸರು ಮಾತ್ರ ಎರಡರಲ್ಲೂ ಹಾಳಾಗಿರುತ್ತೆ, ಅದನ್ನೇ ವಾಪಸ್ ಫೈಲಿಗೆ ಬರೆದ್ರೆ ಮೂಲಾನೂ ಕೆಡಬಹುದು. ಅದಕ್ಕೇ ಯಾರೇ ಉತ್ತರ ಕೊಡಲಿ, ಮನುಷ್ಯರಾಗ್ಲಿ ಎಐ ಆಗ್ಲಿ, ಎರರ್ ಹೋಯ್ತಾ ಅಂತ ಮಾತ್ರ ನೋಡ್ಬೇಡಿ, ಹೆಸರು ಪ್ರಿಂಟ್ ಮಾಡಿ ಕಣ್ಣಾರೆ ಓದಿ. ನಾಳೆ ನೀವೂ ಬೇರೆಯವರಿಗೆ ಉತ್ತರ ಕೊಡೋ ಹಾಗಾದಾಗ ಎಐ ಬರೆದಿದ್ದನ್ನ ತಂದು ಅಂಟಿಸ್ಬೇಡಿ, ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಅದನ್ನ ನಿಷೇಧ ಮಾಡಿದೆ.

ಉತ್ತರ ಸಿಕ್ಕಿದ ಮೇಲೆ ವಾಪಸ್ ಹೋಗಿ ಯಾವುದರಿಂದ ಸರಿ ಹೋಯ್ತು ಅಂತ ಬರೀರಿ, ಸರಿ ಇರೋ ಉತ್ತರಕ್ಕೆ ಹಸಿರು ಟಿಕ್ ಕೊಡಿ. ಸಂಬಳ ಇಲ್ಲದೆ ಕೂತು ಓದಿದವರಿಗೆ ಅಷ್ಟು ಗೊತ್ತಾದ್ರೆ ಸಾಕು.

ನಿಮ್ಮ ಪತ್ರದ ಕೊನೇಲಿ ಇನ್ನೊಂದು ಕೇಳಿದ್ರಿ, ಹೆಸರುಗಳನ್ನ ಕಾಲಂ ಮಾಡಿ ನೇರವಾಗಿ ಜೋಡಿಸೋಕೆ ಲೆನ್ ಬಳಸಿದ್ರೆ ಲಕ್ಷ್ಮಿಗೆ 7 ಬರುತ್ತೆ, ಯಾಕೆ ಅಂತ. ಅದು ಬೇರೆ ಪ್ರಶ್ನೆ, ಫೈಲ್ ಓದೋ ಪ್ರಶ್ನೆ ಜೊತೆ ಸೇರಿಸ್ಬೇಡಿ, ಒಂದು ಪೋಸ್ಟಿಗೆ ಒಂದೇ ಪ್ರಶ್ನೆ. ಲೆನ್ ಎಣಿಸೋದು ನಾವು ಬಾಯಲ್ಲಿ ಹೇಳೋ ಅಕ್ಷರವನ್ನಲ್ಲ, ಯೂನಿಕೋಡ್ ಚಿಹ್ನೆಗಳನ್ನ: ಲ, ಕ, ವಿರಾಮ, ಷ, ವಿರಾಮ, ಮ, ಇಕಾರ, ಏಳು. ನಿಮಗೆ ಬೇಕಿರೋದು 2 ಅನ್ನೋದನ್ನ ಟೈಟಲಲ್ಲೇ ಹೇಳಿ, ಕೋಡು ಒಂದೇ ಸಾಲು ಸಾಕು, ಬಂದಿದ್ದು 7, ಬೇಕಿದ್ದು 2 ಅಂತ ಬರೀರಿ. ಆಮೇಲೆ ಇದೆಲ್ಲಾ ಯಾಕೆ ಬೇಕು, ಅಂದ್ರೆ ಕಾಲಂ ಜೋಡಿಸೋಕೆ, ಅನ್ನೋದನ್ನ ಮರೀದೆ ಸೇರಿಸಿ, ಯಾಕಂದ್ರೆ ಅಕ್ಷರ ಎಣಿಸಿದ್ರೂ ಕಾಲಂ ನೇರ ಬರಲ್ಲ, ಕನ್ನಡ ಫಾಂಟಲ್ಲಿ ಒಂದೊಂದು ಅಕ್ಷರದ ಅಗಲ ಒಂದೊಂದು ಥರ, ಅದು ತಿಳಿದವರು ‘ಲೆನ್ ಬಿಡಿ, ಎಚ್‌ಟಿಎಂಎಲ್ ಟೇಬಲ್ ಅಥವಾ ಎಕ್ಸೆಲ್ ಫೈಲ್ ಮಾಡಿ’ ಅಂತ ಬೇರೆ ದಾರಿನೇ ತೋರಿಸ್ತಾರೆ. ಈ ಸಲ ಹೆಸರನ್ನ ಕನ್ನಡದಲ್ಲೇ ಬಿಡಿ.